ಧಾರೆಯ ಹೊತ್ತಿನ ನೀಹಾರಿಕೆ

ಕಂಡಕ್ಟರ್ ಟಿಕೆಟ್ ಹರಿಯಲಿಲ್ಲ. ನಿಮ್ಮ ಹತ್ತಿರ ದುಡ್ಡು ಇಸಕೊಂಡರೆ ಧಣಿಗಳು ನನ್ನನ್ನೇ ಬಸ್ಸಿನಿಂದ ಇಳಿಸುತ್ತಾರೆ ಮೇಷ್ಟ್ರೆ ಎಂದು ನಕ್ಕು ಮುಂದಿನ ಸೀಟಿಗೆ ಸರಿದ. ಗುತ್ಯಪ್ಪ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ನೋಟನ್ನು ಜೇಬಿಗೆ ಹಾಕಲೂ ತೋಚದೆ ಬೆರಳುಗಳ ನಡುವೆ ಸುರುಳಿ ಸುತ್ತುತ್ತ ಕೂತ. ಹೊಸನಗರದಿಂದ ರಿಪ್ಪನ್‌ಪೇಟೆಗೆ ಹೋಗುವ ಆ ಬಸ್ಸು ಮಂಜುನಾಥಪ್ಪನವರದು. ಹೊಸನಗರದ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಅಂದರೆ ಅವರಿಗೆ ಬಹಳ ಅಭಿಮಾನ ಎನ್ನುವುದು ಡ್ರೈವರು ಕ್ಲೀನರುಗಳಿಗೂ ಗೊತ್ತಿದ್ದ ಸಂಗತಿ. ಆ ಅಭಿಮಾನ ಹುಟ್ಟಿದ್ದು ಹೇಗೆ ಎನ್ನುವುದು ಮಾತ್ರ ಬಹಳ ದಿನ ಗುತ್ಯಪ್ಪನೊಬ್ಬನಿಗೇ ಗೊತ್ತಿತ್ತು. ಈಗ ವೀಡಿಯೋ ವಾಸಪ್ಪನಿಗೂ ಗೊತ್ತು. ಇವತ್ತು ಮಧ್ಯಾಹ್ನ ಎಲೆ ಹಾಕುವ ಮುಂಚೆ ಒಂದು ಮನೆ ತುಂಬ ಜನಕ್ಕೆ ಗೊತ್ತಾಗುವ ಹಾಗಿತ್ತು. ಪಕ್ಕದಲ್ಲಿ ಹೆಂಡತಿ ಕನ್ನಮ್ಮ ಮಂಜುನಾಥಪ್ಪನವರ ಮಗಳ ಮದುವೆಗೆ ಉಟ್ಟಿದ್ದ ಸೀರೆಯನ್ನೇ ಉಟ್ಟು, ಕಿಟಕಿಯ ಗಾಳಿಗೆ ಮಲ್ಲಿಗೆ ಬಾಡೀತೆಂದು ತಲೆಯ ಮೇಲೆ ಸೆರಗು ಹೊದ್ದು ಕೂತಿದ್ದಳು. ಇವತ್ತು ಅವರ ಮನೆಯಲ್ಲಿ ಮದುವೆಯ ವೀಡಿಯೋ ಹಾಕುವವರಿದ್ದರು, ಅವಳು ಟೀವಿಯಲ್ಲಿ ಬರುವವಳಿದ್ದಳು. ಮಂಟಪಕ್ಕೆ ಕಳಸ ತಂದವರಲ್ಲಿ ತಾನು ಎರಡನೆಯವಳು, ವಾಸಪ್ಪ ಲೈಟು ಹಿಡಿಸಿದ್ದು ಸರಿಯಾಗಿ ತನ್ನ ಮುಖಕ್ಕೇ ಎಂದು ವಾರದಿಂದ ಅಕ್ಕಪಕ್ಕದವರಿಗೆಲ್ಲ ಹೇಳಿ ಮುಗಿಸಿದ್ದಳು. ಕಳಸ ಬಂದ ಮೇಲೆ ಆ ಕ್ಯಾಸೆಟ್ಟಿನಲ್ಲಿ ಏನು ಬರುತ್ತದೆ ಎನ್ನುವುದು ಗುತ್ಯಪ್ಪನಿಗೆ ಗೊತ್ತಿತ್ತು. ಹೇಳುವುದು ಹೇಗೆಂದು ಗೊತ್ತಿರಲಿಲ್ಲ.

ಬೆಳಿಗ್ಗೆ ಕನ್ನಡಿಯ ಮುಂದೆ ನಿಂತಾಗ ಹೊಟ್ಟೆನೋವು ಎಂದು ಮಲಗಿಬಿಡುವ ಯೋಚನೆ ಬಂದಿತ್ತು. ಆದರೆ ಅವನಿಲ್ಲದೆ ಆ ಟೇಪು ಓಡುವುದನ್ನು ಕಲ್ಪಿಸಿಕೊಂಡರೆ ಇನ್ನೂ ಭಯ. ಎದುರಿಗಿದ್ದರೆ ಕೆಮ್ಮಿಯಾದರೂ ಕೆಮ್ಮಬಹುದು, ಟೀವಿಯ ವೈರಿಗೆ ಕಾಲು ತಾಗಿಸಿಯಾದರೂ ಎಡವಬಹುದು. ಹಾಗೆ ಎಡವುವುದನ್ನು ಅವನು ಬಸ್ಸಿನಲ್ಲಿ ಕೂತೇ ಮನಸ್ಸಿನಲ್ಲಿ ಅಭ್ಯಾಸ ಮಾಡತೊಡಗಿದ. ಮೇಜಿನಿಂದ ಟೀವಿ ಉರುಳಿ ಮಂಜುನಾಥಪ್ಪನವರ ತಾಯಿಯ ಕಾಲಿನ ಮೇಲೆ ಬಿದ್ದು ಮುದುಕಿ ಕಿರುಚಿದ್ದು ಎಷ್ಟು ಸ್ಪಷ್ಟವಾಗಿ ಕೇಳಿತೆಂದರೆ ಬೆವರಿ ಎದ್ದು ಕೂತಂತೆ ನೆಟ್ಟಗಾದ. ಕನ್ನಮ್ಮ ತಿರುಗಿ, ಎಂತ ಆಯ್ತು ಎಂದಳು. ಏನಿಲ್ಲ, ಗುಂಡಿ ಎಂದ. ರಸ್ತೆ ಆ ಜಾಗದಲ್ಲಿ ನುಣ್ಣಗಿತ್ತು.

ತಪ್ಪು ಯಾರದು ಎಂದು ಕೇಳಿದರೆ ವಾಸಪ್ಪನದೇ. ತೀರ್ಥಹಳ್ಳಿ ಕಡೆಯ ಹುಡುಗ, ರಿಪ್ಪನ್‌ಪೇಟೆಯ ಬಸ್‌ಸ್ಟ್ಯಾಂಡಿನ ಎದುರು ಸ್ಟುಡಿಯೋ ಇಟ್ಟವನು, ಮೂರು ತಾಲ್ಲೂಕಿನಲ್ಲಿ ಮೊದಲು ವೀಡಿಯೋ ಕ್ಯಾಮೆರಾ ತಂದವನು. ದೀಪದ ಬೆಳಕಿನಲ್ಲೂ ಚಿತ್ರ ಬರುವ ಕ್ಯಾಮೆರಾ ಎಂದು ಅವನು ಹೊಗಳಿಕೊಂಡಿದ್ದೇ ಗುತ್ಯಪ್ಪನ ತಲೆಯಲ್ಲಿ ಹುಳ ಬಿಟ್ಟಿತು. ಗುತ್ಯಪ್ಪನಲ್ಲಿ ಒಂದು ದೂರದರ್ಶಕವಿತ್ತು. ದಪ್ಪ ಗಾಜಿನ ತಟ್ಟೆಯನ್ನು ಪುಡಿ ಹಾಕಿ ಉಜ್ಜಿ ಉಜ್ಜಿ ಕನ್ನಡಿ ಮಾಡಲು ವರ್ಷಗಳೇ ಹಿಡಿದಿದ್ದವು. ಆ ಕರಕರ ಸದ್ದಿಗೆ ಕನ್ನಮ್ಮ ಒಮ್ಮೆ ತವರಿಗೇ ಹೋಗಿಬಿಟ್ಟಿದ್ದಳು. ಅದನ್ನು ತಗಡಿನ ಕೊಳವೆಯಲ್ಲಿ ಕೂರಿಸಿ ಚಂದ್ರನನ್ನು, ಶನಿಯ ಬಳೆಯನ್ನು ಊರಿಗೆಲ್ಲ ತೋರಿಸಿದ್ದಾಗಿತ್ತು. ಆದರೆ ಅವನ ಆಸೆ ಇದ್ದದ್ದು ಅವುಗಳಾಚೆ, ಕಣ್ಣಿಗೆ ಸಿಕ್ಕೂ ಸಿಗದ ಹಾಗೆ ಇರುವ ಮಸುಕು ವಸ್ತುಗಳ ಮೇಲೆ. ಮಹಾವ್ಯಾಧ ಎನ್ನುವ ನಕ್ಷತ್ರಪುಂಜದ ಕತ್ತಿಯ ನಡುವೆ ಒಂದು ನೀಹಾರಿಕೆ ಇದೆ. ಉರಿಯುವ ಅನಿಲದ ಮೋಡ, ಒಳಗೆ ಹೊಸ ನಕ್ಷತ್ರಗಳು ಹುಟ್ಟುತ್ತಿವೆ. ಫೋಟೋ ಕ್ಯಾಮೆರಾದಲ್ಲಿ ಎಷ್ಟು ಸಲ ತೆಗೆದರೂ ಗೆರೆ ಎಳೆದ ಹಾಗೆ ಬಂದಿತ್ತು, ಏಕೆಂದರೆ ಆಕಾಶ ನಿಲ್ಲುವುದಿಲ್ಲ. ವೀಡಿಯೋ ಆದರೆ ನೋಡಿದ್ದನ್ನು ಆ ಕ್ಷಣಕ್ಕೇ ಹಿಡಿಯುತ್ತದಲ್ಲ ಎಂದು ಅವನ ಲೆಕ್ಕ. ಮಂಜುನಾಥಪ್ಪನವರ ಮಗಳ ಮದುವೆ ಮುಗಿದ ಮಾರನೆಯ ಸಂಜೆ ವಾಸಪ್ಪ ಕ್ಯಾಮೆರಾ ಹೆಗಲಿಗೇರಿಸಿಕೊಂಡು ಹೊಸನಗರಕ್ಕೆ ಬಂದ. ಕತ್ತಲಾಗುವವರೆಗೆ ಹೊತ್ತು ಹೋಗಬೇಕಲ್ಲ ಎಂದು ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿ, ಧಾರೆಯ ಭಾಗದ ಶುರುವನ್ನು ಕ್ಯಾಮೆರಾದ ಕಿರುಗಣ್ಣಿನಲ್ಲೇ ತೋರಿಸಿದ. ಎಷ್ಟು ಚೆಂದ ಬಂದಿದೆ ನೋಡಿ ಎಂದ. ಆಮೇಲೆ ಹೊಸ ಕ್ಯಾಸೆಟ್ ಹಾಕುವುದನ್ನು ಮರೆತ.

ಬಸ್ಸು ಸೇತುವೆಯ ಮೇಲೆ ಸದ್ದು ಮಾಡುತ್ತ ಹೋಯಿತು. ಎಷ್ಟು ಸುಲಭದ ಮರೆವು ಎಂದು ಗುತ್ಯಪ್ಪನಿಗೆ ಅನ್ನಿಸಿತು. ವಾಸಪ್ಪ ದೂರದರ್ಶಕದ ಐಪೀಸಿಗೆ ಕ್ಯಾಮೆರಾದ ಕಣ್ಣು ಒತ್ತಿ ಹಿಡಿದಿದ್ದ. ಮಸುಕು ಕಂಡಿತು ಮೇಷ್ಟ್ರೆ ಎಂದಿದ್ದ. ಆಕಾಶ ಜರುಗಿದಂತೆ ಗುತ್ಯಪ್ಪ ಕೊಳವೆಯನ್ನು ಬೆರಳಿನಿಂದ ತಳ್ಳುತ್ತ, ಖುಷಿಯಿಂದ ಬಾಯಿ ಸಡಿಲವಾಗಿ ಮಾತಾಡಿದ್ದ. ಕ್ಯಾಮೆರಾಕ್ಕೆ ಕಣ್ಣಷ್ಟೇ ಅಲ್ಲ, ಕಿವಿಯೂ ಇರುತ್ತದೆ ಎನ್ನುವುದು ವಿಜ್ಞಾನದ ಮೇಷ್ಟ್ರಿಗೆ ಆಗ ಹೊಳೆಯಲಿಲ್ಲ. ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ವಾಸಪ್ಪ ಅವನನ್ನು ಹಣ್ಣಿನಂಗಡಿಯ ಹಿಂದಕ್ಕೆ ಕರೆದು, ಎಡವಟ್ಟಾಗಿದೆ ಎಂದು ಶುರುಮಾಡಿದಾಗ ಅವನಿಗೆ ಮೊದಲು ನೆನಪಾದದ್ದು ತನ್ನ ನಗು. ಧಾರೆ ಎರೆಯುವುದರ ಮೊದಲ ಭಾಗ ಪೂರ್ತಿ ಅಳಿಸಿಹೋಗಿದೆ, ಅದರ ಜಾಗದಲ್ಲಿ ನಿಮ್ಮ ನೀಹಾರಿಕೆ ಇದೆ, ಹಿಂದೆ ನಮ್ಮಿಬ್ಬರ ಮಾತು ಇದೆ ಎಂದ ವಾಸಪ್ಪ. ಹೆದರಬೇಡಿ, ಮಾತಿನ ಮೇಲೆ ನಾದಸ್ವರ ತುಂಬುತ್ತೇನೆ ಎಂದೂ ಹೇಳಿದ. ಹೇಳುವಾಗ ಅವನಿಗೆ ನಗು ತಡೆಯಲಾಗುತ್ತಿರಲಿಲ್ಲ. ತಡೆಯಲಾಗದ್ದಕ್ಕೆ ಬಾಯಿಗೆ ಬಾಳೆಹಣ್ಣು ಇಟ್ಟುಕೊಂಡಿದ್ದ.

ಆ ಮಾತಿನ ಮೂಲ ಹೋದ ವರ್ಷದ್ದು, ಎಂಬತ್ತಾರರ ಜನವರಿ. ಹ್ಯಾಲಿ ಧೂಮಕೇತು ಬಂದಿದೆ ಎಂದು ಪೇಪರಿನಲ್ಲಿ ದಿನಾ ಬರುತ್ತಿತ್ತು, ಎಪ್ಪತ್ತಾರು ವರ್ಷಕ್ಕೊಮ್ಮೆ ಬರುವಂಥದ್ದು. ಸಂಜೆ ಸೂರ್ಯ ಮುಳುಗಿದ ಮೇಲೆ ಪಶ್ಚಿಮದಲ್ಲಿ ಸ್ವಲ್ಪ ಹೊತ್ತು, ತೀರ ಕೆಳಗೆ, ಕಂಡರೆ ಕಂಡಿತು. ಮಂಜುನಾಥಪ್ಪನವರು ಜೀಪಿನಲ್ಲಿ ಮನೆಮಂದಿಯನ್ನೆಲ್ಲ ಹೇರಿಕೊಂಡು ಗುತ್ಯಪ್ಪನ ಅಂಗಳಕ್ಕೆ ಬಂದಿಳಿದರು. ಹೆಡ್‌ಮಾಸ್ತರೂ ಅವರ ಹಿಂದೆಯೇ ಬಂದರು. ಅಷ್ಟು ದೊಡ್ಡವರು ತನ್ನ ಅಂಗಳಕ್ಕೆ ಕಾಲಿಟ್ಟದ್ದೇ ಮೊದಲು. ಕನ್ನಮ್ಮ ಪಕ್ಕದ ಮನೆಯಿಂದ ಕುರ್ಚಿ ತರಿಸಿದಳು, ಕಾಫಿ ಕಾಸಿದಳು, ಕಾಫಿ ತಡವಾಯಿತು. ಎಲ್ಲರೂ ಲೋಟ ಕೆಳಗಿಡುವ ಹೊತ್ತಿಗೆ ಧೂಮಕೇತು ಗುಡ್ಡದ ಹಿಂದೆ ಇಳಿದುಹೋಗಿತ್ತು. ಮುಳುಗಿತು, ತಡವಾಯಿತು ಎಂದು ಹೇಳಿದ್ದರೆ ಆಗುತ್ತಿತ್ತು. ಎರಡು ಶಬ್ದ. ಆದರೆ ಮಂಜುನಾಥಪ್ಪನವರು ಉಣ್ಣೆಯ ಕೋಟಿನ ಗುಂಡಿ ಹಾಕಿಕೊಳ್ಳುತ್ತ, ಎಲ್ರಿ ಮೇಷ್ಟ್ರೆ ನಿಮ್ಮ ಧೂಮಕೇತು ಎಂದು ಕೇಳಿದಾಗ ಅವನ ಕೈ ತನ್ನಷ್ಟಕ್ಕೆ ಕೊಳವೆಯನ್ನು ಪೂರ್ವಕ್ಕೆ ತಿರುಗಿಸಿತು. ಪೂರ್ವದಲ್ಲಿ ಮಹಾವ್ಯಾಧ ಎದ್ದು ನಿಂತಿದ್ದ. ಇಗೋ ಎಂದ. ಒಬ್ಬೊಬ್ಬರೇ ಬಗ್ಗಿ ನೋಡಿ, ಆಹಾ ಎಂದು ಎದ್ದರು. ಹೆಡ್‌ಮಾಸ್ತರು ಕಣ್ಣನ್ನೇ ಮುಚ್ಚಿ ನೋಡಿ, ಅಮೋಘ ಎಂದರು. ಮಂಜುನಾಥಪ್ಪನವರೊಬ್ಬರು ಬಗ್ಗಿದವರು ಏಳಲಿಲ್ಲ. ಬಹಳ ಹೊತ್ತಿನ ಮೇಲೆ ಎದ್ದು, ಚಪ್ಪಲಿ ಬಿಟ್ಟು, ಪೂರ್ವಕ್ಕೆ ತಿರುಗಿ ಕೈ ಮುಗಿದರು.

ಆಮೇಲೆ ಶುರುವಾಯಿತು. ಮಂಜುನಾಥಪ್ಪನವರು ಧೂಮಕೇತು ನೋಡಿದ ಕತೆ ಅವರ ಬಸ್ಸು ಹೋಗುವಲ್ಲೆಲ್ಲ ಹೋಯಿತು, ಹುಂಚಕ್ಕೆ, ತೀರ್ಥಹಳ್ಳಿಗೆ, ಸಾಗರಕ್ಕೆ. ಶಾಲೆಯ ವಾರ್ಷಿಕೋತ್ಸವದಲ್ಲಿ ಭಾಷಣದ ನಡುವೆ ಗುತ್ಯಪ್ಪನನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ಆ ಶಾಲನ್ನು ಕನ್ನಮ್ಮ ನುಸಿಗುಳಿಗೆ ಹಾಕಿ ಟ್ರಂಕಿನಲ್ಲಿಟ್ಟಿದ್ದಾಳೆ. ಟ್ರಂಕು ತೆರೆದಾಗಲೆಲ್ಲ ಗುತ್ಯಪ್ಪ ಕೋಣೆಯಿಂದ ಹೊರಗೆ ಹೋಗುತ್ತಾನೆ. ಇಷ್ಟೆಲ್ಲ ಆದಮೇಲೂ ಅವನು ಯಾರಿಗೂ ಬಾಯಿಬಿಟ್ಟಿರಲಿಲ್ಲ. ಬಿಟ್ಟದ್ದು ಅವತ್ತು, ಕ್ಯಾಮೆರಾದ ಎದುರಿಗೆ. ಇದನ್ನೇ ಕಣೋ ನಾನು ಧೂಮಕೇತು ಅಂತ ತೋರಿಸಿದ್ದು ಎಂದು ನಕ್ಕಿದ್ದ. ಹೇಗೆ ನಕ್ಕಿದ್ದನೆಂದರೆ ಕೊಳವೆಯೇ ಅಲುಗಿ ನೀಹಾರಿಕೆ ಕಣ್ಣಿನಿಂದ ಜಾರಿಹೋಗಿ ಮತ್ತೆ ಹುಡುಕಬೇಕಾಯಿತು.

ರಿಪ್ಪನ್‌ಪೇಟೆಯಲ್ಲಿ ಮಂಜುನಾಥಪ್ಪನವರ ಮನೆ ಬಸ್ಸಿನ ಗ್ಯಾರೇಜಿನ ಮೇಲಿದೆ. ಮೆಟ್ಟಿಲು ಹತ್ತುವಾಗ ಡೀಸೆಲ್ಲಿನ ವಾಸನೆ, ಮೇಲೆ ಹೋದರೆ ಪಾಯಸದ್ದು. ಮಂಡಗದ್ದೆಯಿಂದ ಬೀಗರು ಬಂದು ಆಗಿತ್ತು. ಮಂಜುನಾಥಪ್ಪನವರು ಎದ್ದು ಬಂದು ಗುತ್ಯಪ್ಪನ ಎರಡೂ ಕೈ ಹಿಡಿದುಕೊಂಡರು. ಇವರೇ ನಮ್ಮ ಆಕಾಶದ ಮೇಷ್ಟ್ರು ಎಂದು ಬೀಗರಿಗೆ ಪರಿಚಯ ಮಾಡಿದರು. ಗಂಡಿನ ತಾಯಿ ವರದಮ್ಮ ಕುರ್ಚಿಯಲ್ಲಿ ಕೂತಲ್ಲಿಂದಲೇ ತಲೆಯಾಡಿಸಿದರು. ಮದುವೆ ದಿನ ಅನ್ನ ಮುದ್ದೆಯಾಗಿತ್ತು, ದಿಬ್ಬಣಕ್ಕೆ ಪಾನಕ ಬರಲು ತಡವಾಗಿತ್ತು ಎನ್ನುವುದೆಲ್ಲ ಅವರ ಮುಖದಲ್ಲಿ ಇನ್ನೂ ಹಾಗೇ ಇತ್ತು. ಮದುಮಗಳು ಅನ್ನಪೂರ್ಣೇಶ್ವರಿ, ಗುತ್ಯಪ್ಪನ ಹಳೆಯ ವಿದ್ಯಾರ್ಥಿನಿ, ಅತ್ತೆಯ ಕುರ್ಚಿಯ ಪಕ್ಕ ಚಾಪೆಯ ತುದಿಯಲ್ಲಿ ಕೂತಿದ್ದಳು. ಅತ್ತೆ ಕೆಮ್ಮಿದರೆ ನೀರು ತರಲು ಅರ್ಧ ಏಳುತ್ತಿದ್ದಳು. ವಾಸಪ್ಪ ವೈರುಗಳ ನಡುವೆ ಕುಕ್ಕುರುಗಾಲಲ್ಲಿ ಕೂತು, ಗುತ್ಯಪ್ಪನನ್ನು ನೋಡಿ ಒಂದು ಕಣ್ಣು ಮಿಟುಕಿಸಿದ. ಎಲ್ಲ ಸರಿಯಾಗಿದೆ ಎಂದೋ, ಸತ್ತೆವು ಎಂದೋ, ಆ ಮಿಟುಕಿನಿಂದ ತಿಳಿಯುವಂತಿರಲಿಲ್ಲ.

ಟೀವಿಯಲ್ಲಿ ದಿಬ್ಬಣ ಬಂತು. ಕಾಲು ತೊಳೆದದ್ದು ಬಂತು. ಕಳಸ ಬಂತು, ಕನ್ನಮ್ಮ ಬಂದಳು, ಕೂತಿದ್ದ ಕನ್ನಮ್ಮ ತನ್ನನ್ನು ತಾನೇ ನೋಡಿ ನಾಚಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹಾಗೆ ನಾಚುವ ಹೆಂಡತಿಯನ್ನು ನೋಡಿ ಎಷ್ಟು ವರ್ಷವಾಯಿತು ಎಂದು ಗುತ್ಯಪ್ಪ ಯೋಚಿಸುವಷ್ಟರಲ್ಲಿ ಮಂಜುನಾಥಪ್ಪನವರು ಮಗಳ ಕೈ ಹಿಡಿದರು, ತೆಂಗಿನಕಾಯಿ ಎತ್ತಿದರು, ಟೀವಿ ಒಮ್ಮೆ ಚರ್ ಎಂದಿತು. ಕತ್ತಲಾಯಿತು. ಕತ್ತಲಲ್ಲಿ ಬೂದುಬಣ್ಣದ ಒಂದು ಮಸುಕು ಎದ್ದಿತು. ನಾದಸ್ವರ ಜೋರಾಗಿ ಮೊಳಗಿತು.

ಗುತ್ಯಪ್ಪ ಕೆಮ್ಮಲು ಸಿದ್ಧವಾಗಿದ್ದವನು ಕೆಮ್ಮುವುದನ್ನು ಮರೆತ. ಐಪೀಸಿನಲ್ಲಿ ಇಷ್ಟು ದೊಡ್ಡದಾಗಿ ಅದನ್ನು ಅವನು ಎಂದೂ ನೋಡಿರಲಿಲ್ಲ. ಎರಡು ರೆಕ್ಕೆ ಬಿಚ್ಚಿದ ಹಾಗೆ ಮಸುಕು, ನಡುವೆ ಒತ್ತಾಗಿ ನಾಲ್ಕು ಬಿಳಿ ಚುಕ್ಕೆ. ಅದು ನಿಧಾನವಾಗಿ ಟೀವಿಯ ಒಂದು ಮೂಲೆಗೆ ಜಾರುತ್ತಿತ್ತು, ಅಲ್ಲಿಂದ ಒಂದು ಏಟಿಗೆ ನಡುವಿಗೆ ಹಾರುತ್ತಿತ್ತು. ಆ ಏಟು ತನ್ನ ಬೆರಳಿನದು. ಸಾವಿರ ವರ್ಷಕ್ಕೂ ಮೀರಿ ನಡೆದು ಬಂದ ಬೆಳಕು ರಿಪ್ಪನ್‌ಪೇಟೆಯ ಗ್ಯಾರೇಜಿನ ಮೇಲಿನ ಮನೆಗೆ ಬಂದು ನಾದಸ್ವರಕ್ಕೆ ಸರಿಯಾಗಿ ತೂಗುತ್ತಿತ್ತು. ಗುತ್ಯಪ್ಪ ವಾಸಪ್ಪನ ಕಡೆಗೆ ನೋಡಿದ. ವಾಸಪ್ಪ ಗೋಡೆ ನೋಡುತ್ತಿದ್ದ.

ಹೋಮದ ಹೊಗೆ ಇರಬೇಕು ಎಂದು ಯಾರೋ ಅಂದರು. ಹೌದು, ಆ ಭಟ್ಟರು ಹಸಿ ಕಟ್ಟಿಗೆ ಹಾಕಿದ್ರು ಎಂದು ಇನ್ನೊಬ್ಬರು ಒಪ್ಪಿದರು. ಮಂಜುನಾಥಪ್ಪನವರ ತಾಯಿ ಬಂಗಾರಮ್ಮ, ಹೊಗೆ ಅಲ್ಲ, ಹಾಲು ಉಕ್ಕಿದ್ದು, ಅಡಿಗೆಯವರನ್ನು ಯಾಕೆ ಹಿಡಿದಿದ್ದಾನೆ ಇವನು ಎಂದರು. ವರದಮ್ಮ, ನಮ್ಮ ಕಡೆ ಹೊಗೆ ಬಂದ್ರೆ ಬೀಸಣಿಗೆ ಬೀಸೋರು ಇರ್ತಾರೆ ಎಂದು ಗಾಳಿಗೆ ಹೇಳಿದರು. ಗುತ್ಯಪ್ಪ ಕೂತಲ್ಲೇ ಉಸಿರು ಬಿಟ್ಟ. ಉಳಿದುಕೊಂಡೆ. ಹೊಗೆ ಎಂದರು, ಸಾಕಲ್ಲ. ಇನ್ನು ಸ್ವಲ್ಪ ಹೊತ್ತು ಬಾಯಿ ಮುಚ್ಚಿಕೊಂಡಿದ್ದರೆ ಊಟ ಮಾಡಿ ಮನೆಗೆ ಹೋಗಬಹುದು. ವಿಚಿತ್ರವೆಂದರೆ ಆ ಉಸಿರಿನ ಬೆನ್ನಿಗೇ ಎದೆಯಲ್ಲಿ ಏನೋ ಕುಟುಕತೊಡಗಿತು. ಹೊಗೆಯಂತೆ. ಹಾಲಂತೆ. ಆ ಕನ್ನಡಿ ಉಜ್ಜಿ ಬೆರಳಿನ ತುದಿಯ ಗೆರೆಗಳೇ ಸವೆದುಹೋಗಿದ್ದವು, ಪೊಲೀಸರಿಗೆ ಹೆಬ್ಬೆಟ್ಟು ಕೊಟ್ಟರೂ ಗುರುತು ಸಿಗಲಾರದಷ್ಟು. ಈ ಊರಿನಲ್ಲಿ ಯಾರೂ ಹಿಡಿಯದ್ದನ್ನು ಹಿಡಿದಿದ್ದೇನೆ, ಇವರು ಹಸಿ ಕಟ್ಟಿಗೆಯ ಮಾತಾಡುತ್ತಿದ್ದಾರೆ. ಮುಂದಿನ ಸಾಲಿನಲ್ಲಿ ಒಬ್ಬ, ಕ್ಯಾಮೆರಾದವನ ಹೆಬ್ಬೆರಳು ಅಡ್ಡ ಬಂದಿದೆ ಅಷ್ಟೆ ಎಂದು ತೀರ್ಪು ಕೊಟ್ಟ. ಗುತ್ಯಪ್ಪನಿಗೆ ತಾನು ಎದ್ದು ನಿಂತದ್ದು ನಿಂತ ಮೇಲೆ ತಿಳಿಯಿತು.

"ಅದು ಹೊಗೆ ಅಲ್ಲ" ಎಂದ. "ಆಕಾಶದ್ದು ಅದು."

ವಾಸಪ್ಪ ಕಣ್ಣು ಮುಚ್ಚಿಕೊಂಡ. ಮಂಜುನಾಥಪ್ಪನವರು, ನಿಲ್ಸೋ ಅದನ್ನ ಎಂದರು. ಚಿತ್ರ ನಿಂತು ನಡುಗತೊಡಗಿತು. ಅವರು ಕನ್ನಡಕ ಏರಿಸಿ ಟೀವಿಯ ಹತ್ತಿರ ಹೋಗಿ ಬಗ್ಗಿದರು. ಬಗ್ಗಿದವರು ಏಳಲಿಲ್ಲ. ಗುತ್ಯಪ್ಪ ಆ ಬೆನ್ನನ್ನು ಗುರುತು ಹಿಡಿದ. ಈ ಮನೆಯಲ್ಲಿ ಇದನ್ನು ಹೊಗೆ ಅನ್ನಲಾರದವರು ಯಾರಾದರೂ ಇದ್ದರೆ ಇವರೊಬ್ಬರೇ ಎಂದು ಅವನಿಗೆ ಹೊಳೆದ ಕ್ಷಣದಲ್ಲೇ ಅವರು ತಿರುಗಿದರು. ಮುಖ ಹುಡುಗರ ಮುಖದಂತಾಗಿತ್ತು. ಇದು ನಾನು ನೋಡಿದ್ದು, ಇದೇ ನಾಲ್ಕು ಚುಕ್ಕೆ, ಇದೇ ರೆಕ್ಕೆ, ಇದು ಧೂಮಕೇತು ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ನನ್ನ ಮಗಳ ಧಾರೆ ಹೊತ್ತಿಗೆ ಸರಿಯಾಗಿ ಧೂಮಕೇತು ಬಂದಿದೆ ನೋಡಿ ಎಂದರು. ಮೇಷ್ಟ್ರು ನನಗೊಂದು ಮಾತೂ ಹೇಳದೆ ಉಡುಗೊರೆ ಮಾಡಿದ್ದಾರೆ ಎಂದು ಗುತ್ಯಪ್ಪನ ಹೆಗಲು ತಟ್ಟಿದರು.

ಕೋಣೆಯಲ್ಲಿ ಯಾರೂ ಖುಷಿಪಡಲಿಲ್ಲ. ವರದಮ್ಮ ಕುರ್ಚಿಯ ತೋಳು ಹಿಡಿದು ನಿಧಾನಕ್ಕೆ ಎದ್ದರು.

"ಧಾರೆ ನೀರು ಬೀಳೋ ಹೊತ್ತಿಗೆ ಧೂಮಕೇತುವಾ? ಇದು ನಿಮಗೆ ಸಂತೋಷವಾ ಬೀಗರೆ?"

ಮಂಜುನಾಥಪ್ಪನವರ ಬಾಯಿ ತೆರೆದದ್ದು ಹಾಗೇ ಉಳಿಯಿತು. ವಿಜ್ಞಾನ, ಪೇಪರು, ಎಪ್ಪತ್ತಾರು ವರ್ಷ ಎಂದೆಲ್ಲ ಏನೋ ಹೇಳಲು ಹೊರಟರು. ವರದಮ್ಮ ಕೇಳಿಸಿಕೊಳ್ಳಲಿಲ್ಲ. ಧೂಮಕೇತು ಬಂದ ವರ್ಷ ತಮ್ಮ ಅಜ್ಜನ ಮನೆಯಲ್ಲಿ ಏನೇನಾಯಿತು ಎಂದು ಎಣಿಸತೊಡಗಿದರು. ಸತ್ತ ಎಮ್ಮೆಗಳಿಂದ ಶುರುವಾಗಿ ಮನುಷ್ಯರ ಕಡೆಗೆ ಬರುತ್ತಿದ್ದರು. ಅಳಿಯ ನೆಲ ನೋಡುತ್ತಿದ್ದ. ಗುತ್ಯಪ್ಪ ಅನ್ನಪೂರ್ಣೇಶ್ವರಿಯ ಕಡೆ ನೋಡಿದ. ಆ ಹುಡುಗಿ ಅಳುತ್ತಿರಲಿಲ್ಲ. ಅತ್ತೆಯ ಕುರ್ಚಿಯಿಂದ ಒಂದು ಗೇಣು ಆಚೆಗೆ ಸರಿದಿದ್ದಳು, ತನಗೇ ಏನೋ ಅಂಟಿಕೊಂಡಿದೆ ಎನ್ನುವ ಹಾಗೆ. ನಾಳೆ ಮಂಡಗದ್ದೆಯಲ್ಲಿ ದೋಸೆ ಹರಿದರೂ, ಹಸು ಒದ್ದರೂ, ಯಾರಿಗೆ ಜ್ವರ ಬಂದರೂ ಅದು ಈ ಟೀವಿಯೊಳಗಿನ ಮಸುಕಿನ ಲೆಕ್ಕಕ್ಕೆ, ಅಂದರೆ ಇವಳ ಲೆಕ್ಕಕ್ಕೆ ಬರುತ್ತದೆ. ಗುತ್ಯಪ್ಪ ಇನ್ನೊಂದು ಸುಳ್ಳು ಸಿಗುತ್ತದೆಯೇ ಎಂದು ಹುಡುಕಿದ. ಹೊಗೆಯೇ ಇರಬಹುದು, ನನಗೆ ತಪ್ಪು ಕಂಡಿತು ಎನ್ನಬಹುದಿತ್ತು. ಆದರೆ ಮಂಜುನಾಥಪ್ಪನವರು ಗುರುತು ಹಿಡಿದಾಗಿತ್ತು, ಅವರ ಗುರುತು ತಪ್ಪಿರಲಿಲ್ಲ.

"ಇದು ಧೂಮಕೇತು ಅಲ್ರೀ ಅಮ್ಮ" ಎಂದ ಗುತ್ಯಪ್ಪ. ಧ್ವನಿ ತರಗತಿಯದ್ದೇ ಬಂದದ್ದು ಅವನಿಗೇ ಆಶ್ಚರ್ಯ. "ಧೂಮಕೇತು ಹೋದ ವರ್ಷವೇ ಹೋಯ್ತು. ಇದು ನೀಹಾರಿಕೆ. ನಕ್ಷತ್ರ ಹುಟ್ಟೋ ಜಾಗ. ಆ ನಾಲ್ಕು ಚುಕ್ಕೆ ಐತಲ್ಲ, ಅವು ಈಗಷ್ಟೇ ಹುಟ್ಟಿದ ಕೂಸುಗಳು."

ವರದಮ್ಮ ಎಣಿಕೆ ನಿಲ್ಲಿಸಿದರು. ಹುಟ್ಟೋ ಜಾಗವಾ ಎಂದು ಕೇಳಿದರು. ಹೌದು ಎಂದ. ಒಂದೇ ಸಲಕ್ಕೆ ನಾಲ್ಕಾ ಎಂದರು. ನಾಲ್ಕು ಕಾಣುವುದು, ಹಿಂದೆ ಇನ್ನೂ ನೂರಾರು ಇವೆ ಎಂದ. ವರದಮ್ಮ ಟೀವಿಯ ಹತ್ತಿರ ಬಂದು, ಮಂಜುನಾಥಪ್ಪನವರನ್ನು ಪಕ್ಕಕ್ಕೆ ಸರಿಸಿ ನೋಡಿದರು. ಆಮೇಲೆ ತಿರುಗಿ ಸೊಸೆಯನ್ನು ನೋಡಿದರು. ಹಂಗಾರೆ ಇದು ಬಾಣಂತಿ ಕೋಣೆ ಅನ್ನಿ ಎಂದರು. ಬಂಗಾರಮ್ಮ ಮೊದಲು ನಕ್ಕರು. ಹೆಂಗಸರೆಲ್ಲ ನಕ್ಕರು, ಯಾರೋ ಅನ್ನಪೂರ್ಣೇಶ್ವರಿಯ ಕೆನ್ನೆ ಹಿಂಡಿದರು, ಅವಳು ಚಾಪೆಯ ಮೇಲೆ ಮೊದಲಿದ್ದ ಜಾಗಕ್ಕೆ ಸರಿದಳು. ಅತ್ತೆ ಅವಳ ತಲೆಯ ಮೇಲೆ ಕೈಯಿಟ್ಟು, ನಾಲ್ಕು ಬೇಡ, ಎರಡು ಸಾಕು ಎಂದರು. ನಗುವಿನ ನಡುವೆ ಮಂಜುನಾಥಪ್ಪನವರು ಮಾತ್ರ ನಿಂತೇ ಇದ್ದರು. ಒಂದು ಲೆಕ್ಕ ಅವರ ಮುಖದ ಮೇಲೆ ಮೆಲ್ಲಗೆ ನಡೆಯುತ್ತಿತ್ತು. ಇದು ಧೂಮಕೇತು ಅಲ್ಲ. ನಾನು ನೋಡಿದ್ದು ಇದು. ಹಂಗಾದರೆ. ಅವರು ಗುತ್ಯಪ್ಪನ ಕಡೆ ತಿರುಗುವುದಕ್ಕೂ, ಗಂಡಾಂತರ ಮುಗಿಯಿತೆಂದು ವಾಸಪ್ಪ ಟೇಪು ಬಿಡುವುದಕ್ಕೂ ಸರಿಹೋಯಿತು. ನಾದಸ್ವರ ಮತ್ತೆ ಮೊಳಗಿತು, ಸ್ವಲ್ಪ ಹೊತ್ತು ಮೊಳಗಿ, ಮಸುಕು ಇನ್ನೂ ಇರುವಾಗಲೇ ತಟಕ್ಕನೆ ನಿಂತಿತು. ವಾಸಪ್ಪ ತುಂಬಿದ ನಾದಸ್ವರ ಅಷ್ಟಕ್ಕೇ ಮುಗಿದಿತ್ತು.

"ಮಂಜುನಾಥಪ್ಪನೋರು ಚಪ್ಪಲಿ ಬಿಟ್ಟು ಕೈ ಮುಗಿದ್ರು ಕಣೋ ಇದಕ್ಕೆ" ಎಂದಿತು ಟೀವಿ, ಗುತ್ಯಪ್ಪನ ಧ್ವನಿಯಲ್ಲಿ. ಆಮೇಲೆ ನಕ್ಕಿತು. ಹೊಟ್ಟೆ ಹಿಡಿದುಕೊಂಡು, ಉಸಿರು ಸಿಕ್ಕಿ, ಮತ್ತೆ ಶುರುಮಾಡಿ ನಕ್ಕಿತು. ಮಸುಕು ಕುಣಿದು ಕುಣಿದು ಮಾಯವಾಯಿತು. ಗಟ್ಟಿಮೇಳ ಬಡಿದು, ಧಾರೆಯ ನೀರು ಹಿತ್ತಾಳೆಯ ತಟ್ಟೆಗೆ ಬಿತ್ತು.

ಇಡೀ ಕೋಣೆಯಲ್ಲಿ ಗುತ್ಯಪ್ಪನಿಗೆ ಕಂಡದ್ದು ಕನ್ನಮ್ಮನ ಮುಖ. ಅವಳು ಸಿಟ್ಟಾಗಿರಲಿಲ್ಲ. ಈ ನಗು ಯಾರದು ಎಂದು ಗುರುತು ಹಿಡಿಯಲು ಅವಳಿಗೆ ಒಂದು ಕ್ಷಣ ಬೇಕಾಗಿತ್ತು, ಆ ಒಂದು ಕ್ಷಣ ಅವನಿಗೆ ಚುಚ್ಚಿತು. ಮನೆಯಲ್ಲಿ ಅವನು ಹಾಗೆ ನಕ್ಕದ್ದಿಲ್ಲ. ಎಲೆ ಹಾಕಿದ್ದೇವೆ ಎಂದು ಒಳಗಿನಿಂದ ಯಾರೋ ಕೂಗಿದರು. ಎಲ್ಲರೂ ಬೇಕಾದ್ದಕ್ಕಿಂತ ಬೇಗ ಎದ್ದರು. ಪಂಕ್ತಿಯಲ್ಲಿ ಅವನ ಒಂದು ಪಕ್ಕದ ಎಲೆ ಖಾಲಿಯೇ ಉಳಿಯಿತು. ಪಾಯಸ ಬಡಿಸಿದವನು ಅವನ ಎಲೆಗೆ ಸೌಟು ಪೂರ್ತಿ ಬಗ್ಗಿಸದೆ ಮುಂದೆ ಹೋದ, ಅಥವಾ ಹಾಗೆ ಅವನಿಗೆ ಅನ್ನಿಸಿತು. ಹೋಳಿಗೆಯ ಮುರುಕನ್ನು ತುಪ್ಪದಲ್ಲಿ ಅದ್ದುತ್ತ, ವರ್ಗ ಮಾಡಿಸಿದರೆ ಎಲ್ಲಿಗೆ ಮಾಡಿಸಬಹುದು, ಅಲ್ಲಿ ಆಕಾಶ ತೆರೆದಿರುತ್ತದೆಯೇ ಎಂದು ಯೋಚಿಸಿದ. ಅಂಥ ಹೊತ್ತಿನಲ್ಲೂ ಆ ಯೋಚನೆ ಬಂದದ್ದಕ್ಕೆ ನಾಚಿಕೆಯಾಯಿತು. ನಾಚಿಕೆಯ ಜೊತೆಗೇ ಹೋಳಿಗೆ ರುಚಿಯಾಗಿದೆ ಎಂದೂ ಗೊತ್ತಾಯಿತು.

ಕೈ ತೊಳೆದು ಬರುವಾಗ ಮಂಜುನಾಥಪ್ಪನವರು ಮೆಟ್ಟಿಲಿನ ಹತ್ತಿರ ನಿಂತಿದ್ದರು. ಬನ್ನಿ ಎಂದು ಕೆಳಗಿಳಿದರು. ಗ್ಯಾರೇಜಿನಲ್ಲಿ ಒಂದು ಬಸ್ಸು ಬಾನೆಟ್ಟು ತೆರೆದುಕೊಂಡು ನಿಂತಿತ್ತು. ಮಂಜುನಾಥಪ್ಪನವರು ಅದರ ಬಂಪರಿನ ಮೇಲೆ ಕೂತು, ಒಂದೊಂದೇ ವೀಳ್ಯದೆಲೆಯ ತೊಟ್ಟು ಮುರಿಯತೊಡಗಿದರು. ಬೈಗುಳಕ್ಕೆ ತಲೆಬಾಗಿಸಿ ನಿಂತವನಿಗೆ ಬೈಗುಳ ಬಾರದಿದ್ದರೆ ಎಷ್ಟು ಕಷ್ಟ ಎಂದು ಗುತ್ಯಪ್ಪನಿಗೆ ಆಗ ತಿಳಿಯಿತು. ಅವನೇ ಶುರುಮಾಡಿದ. ಅವತ್ತು ಧೂಮಕೇತು ಮುಳುಗಿಹೋಗಿತ್ತು, ಹೇಳಲು ಧೈರ್ಯ ಬರಲಿಲ್ಲ, ತಪ್ಪಾಯಿತು ಎಂದ. ಮಂಜುನಾಥಪ್ಪನವರು ಕೈಯಾಡಿಸಿದರು. ತೋರಿಸಿದ್ದು ಬಿಡಿ, ನಕ್ಕಿದ್ದು ಯಾಕೆ ಎಂದು ಕೇಳಿದರು.

ಗುತ್ಯಪ್ಪ ತಡವರಿಸುತ್ತಲೇ ಹೇಳಿದ. ಅಷ್ಟು ಜನ ನೋಡಿದರು, ಯಾರೂ ನೋಡಲಿಲ್ಲ. ನೀವೊಬ್ಬರು ನೋಡಿದಿರಿ. ನಾನು ಇಷ್ಟು ವರ್ಷ ನೋಡಿದ್ದೇನೆ, ಒಂದು ದಿನ ಕೈ ಮುಗಿಯಬೇಕು ಅನ್ನಿಸಿಲ್ಲ. ನಿಮಗೆ ಸುಳ್ಳು ಹೆಸರು ಹೇಳಿ ತೋರಿಸಿದೆ, ಆದರೂ ನಿಮಗೆ ನನಗಿಂತ ಚೆನ್ನಾಗಿ ಕಂಡಿತು. ಅದಕ್ಕೆ ಹೊಟ್ಟೆಕಿಚ್ಚಾಗಿ ನಕ್ಕೆನೋ ಏನೋ. ಹೇಳಿ ಮುಗಿಸಿದ ಮೇಲೆ ಅದು ಪೂರ್ತಿ ನಿಜವೋ, ಅರ್ಧ ಈಗಷ್ಟೇ ಹೊಳೆದದ್ದೋ ಎಂದು ಅವನಿಗೇ ಅನುಮಾನವಾಯಿತು. ಮಂಜುನಾಥಪ್ಪನವರು ಎಲೆಗೆ ಸುಣ್ಣ ಸವರಿದರು. ಅವರ ಮುಖದ ಬಿಗುವು ಎಲ್ಲೋ ಸಡಿಲವಾಗಿತ್ತು. ಒಮ್ಮೆ ಮೆಟ್ಟಿಲ ಕಡೆ ನೋಡಿ, ಯಾರೂ ಇಲ್ಲವೆಂದು ಖಚಿತ ಮಾಡಿಕೊಂಡು, ಧ್ವನಿ ತಗ್ಗಿಸಿದರು.

"ನಂಗೆ ಅವತ್ತೇ ಬಾಲ ಕಾಣ್ಲಿಲ್ಲ ಮೇಷ್ಟ್ರೆ. ಪೇಪರ್ನಾಗೆ ಬಾಲ ಐತೆ ಅಂತ ಇತ್ತು. ನಂಗೊಬ್ಬಂಗೇ ಕಾಣ್ಲಿಲ್ವೇನೋ ಅಂತ ಸುಮ್ನಿದ್ದೆ. ಆಮೇಲೆ ಜನಕ್ಕೆ ಹೇಳುವಾಗ ಬಾಲ ಸೇರ್ಸಿದ್ದು ನಾನೇ."

ಗುತ್ಯಪ್ಪ ತಲೆಯೆತ್ತಿ ನೋಡಿದ. ಮಂಜುನಾಥಪ್ಪನವರ ಕಿವಿ ಕೆಂಪಾಗಿತ್ತು. ಮೊದಮೊದಲು ಚಿಕ್ಕ ಬಾಲವೇ ಹೇಳುತ್ತಿದ್ದರಂತೆ. ಸಾಗರದಲ್ಲಿ ಜನ ಬಾಯಿ ಬಿಟ್ಟು ಕೇಳಿದ್ದಕ್ಕೆ ಸ್ವಲ್ಪ ಉದ್ದ ಮಾಡಿದರಂತೆ. ತೀರ್ಥಹಳ್ಳಿಯಲ್ಲಿ ಬಣ್ಣವೂ ಸೇರಿತಂತೆ. ಹೇಳುತ್ತ ಹೇಳುತ್ತ ಅವರ ಹೆಗಲು ಅಲುಗತೊಡಗಿತು. ಗುತ್ಯಪ್ಪ ತಡೆದುಕೊಳ್ಳಲು ನೋಡಿದ, ಆಗಲಿಲ್ಲ. ಟೀವಿಯಲ್ಲಿ ಕೇಳಿದ ಅದೇ ನಗು ಬಂತು, ಹೊಟ್ಟೆಯ ತಳದಿಂದ,‌ ತಡೆಯಲು ಬಾಯಿಗೆ ಇಟ್ಟುಕೊಳ್ಳೋಣವೆಂದರೆ ಬಾಳೆಹಣ್ಣೂ ಇರಲಿಲ್ಲ. ಮೇಲೆ ಮೆಟ್ಟಿಲ ತುದಿಯಲ್ಲಿ ಕನ್ನಮ್ಮ ಬಂದು ನಿಂತು ಇಬ್ಬರನ್ನೂ ನೋಡಿದಳು, ಇಳಿಯಲಿಲ್ಲ, ಒಳಗೂ ಹೋಗಲಿಲ್ಲ.

ನಗು ಇಳಿದ ಮೇಲೆ ಮಂಜುನಾಥಪ್ಪನವರು ವ್ಯವಹಾರದ ಮುಖ ತಂದುಕೊಂಡರು. ಒಳಗೆ ಕೇಳಿದವರು ಒಂದು ಮನೆಯ ಜನ, ನಾನು ಹೇಳಿರುವುದು ಮೂರು ತಾಲ್ಲೂಕಿಗೆ ಎಂದರು. ಇನ್ನೇನು ಮಾಡುವುದು ಎಂದು ಗುತ್ಯಪ್ಪ ಕೇಳುವಷ್ಟರಲ್ಲಿ ಗ್ಯಾರೇಜಿನ ಬಾಗಿಲಲ್ಲಿ ಸಾಗರದ ಬಸ್ ಏಜೆಂಟ್ ಮಾಸ್ತಪ್ಪ ಕಾಣಿಸಿಕೊಂಡ. ಊಟಕ್ಕೆ ತಡವಾದದ್ದಕ್ಕೆ ಕ್ಷಮೆ ಕೇಳುತ್ತ ಬಂದವನು, ಇವರೇ ಆ ಮೇಷ್ಟ್ರು ಎಂದು ತಿಳಿದದ್ದೇ ಕೈ ಮುಗಿದು ನಿಂತುಬಿಟ್ಟ. ಧಣಿಗಳು ಹೇಳಿದ್ದಾರೆ, ಎಷ್ಟು ಸಲ ಕೇಳಿದರೂ ಸಾಕಾಗುವುದಿಲ್ಲ, ನನಗೆ ನೋಡುವ ಪುಣ್ಯ ಇರಲಿಲ್ಲ ಎಂದ. ಆಮೇಲೆ ಗುತ್ಯಪ್ಪನನ್ನೇ ಕೇಳಿದ.

"ಆ ಬಾಲ, ನಿಜವಾಗ್ಲೂ ಎಷ್ಟು ಉದ್ದ ಇತ್ರಿ ಮೇಷ್ಟ್ರೆ?"

ಮಂಜುನಾಥಪ್ಪನವರು ಅಡಿಕೆ ಬಾಯಿಗೆ ಹಾಕಿಕೊಂಡು ಬಾನೆಟ್ಟಿನ ಒಳಗೆ ಏನನ್ನೋ ಪರೀಕ್ಷೆ ಮಾಡತೊಡಗಿದರು. ಗುತ್ಯಪ್ಪ ಮೆಟ್ಟಿಲ ಮೇಲಿನ ಹೆಂಡತಿಯನ್ನು ನೋಡಿದ, ಮಾಸ್ತಪ್ಪನ ನಂಬಿಕೆ ತುಂಬಿದ ಮುಖವನ್ನು ನೋಡಿದ. ಬಲಗೈಯನ್ನು ಪೂರ್ತಿ ಚಾಚಿದ. ಮಂಜುನಾಥಪ್ಪನವರು ಬಾನೆಟ್ಟಿನೊಳಗಿಂದ ಒಮ್ಮೆ ಕೆಮ್ಮಿದರು. ಗುತ್ಯಪ್ಪ ಎಡಗೈಯನ್ನೂ ಚಾಚಿದ.